ಭಾನುವಾರ ಬಾಗಿಲು ಹಾಕುವ ಹೋಟೆಲು

ನನ್ನ ತಂಗಿಗೆ ಭಾನುವಾರ ಬಂತೆಂದರೆ ಊರು ಬಿಡಬೇಕು. ಮಳೆಗಾಲದಲ್ಲಿ ಮಾಳ್ಶೇಜ್ ಘಾಟ್, ಚಳಿಯಲ್ಲಿ ಕಾಶೀದ್‌ನ ಸಮುದ್ರ, ಏನೂ ತೋಚದಿದ್ದರೆ ಲೋನಾವಳ ಇದ್ದೇ ಇದೆ. ನಾನು ಬೆಳಗಿನ ಚಹಾ ಕುಡಿದು ಮುಗಿಸುವ ಮೊದಲೇ ಮೊಬೈಲಿಗೆ ಫೋಟೋಗಳು ಬಂದು ಬೀಳುತ್ತಿದ್ದವು. ಮಂಜಿನ ಮುಂದೆ ಗಂಡ ಹೆಂಡತಿ, ಜಲಪಾತದ ಕೆಳಗೆ ಗಂಡ ಹೆಂಡತಿ, ಸುಟ್ಟ ಜೋಳ ಕಚ್ಚುತ್ತಿರುವ ಗಂಡ ಹೆಂಡತಿ. ಎಲ್ಲದಕ್ಕೂ ನಾನು ತಪ್ಪದೆ ಕೆಂಪು ಹೃದಯ ಒತ್ತುತ್ತಿದ್ದೆ. ಒಳಗೆ ಮಾತ್ರ ಹೊಟ್ಟೆ ಧಗಧಗ ಉರಿಯುತ್ತಿತ್ತು.

ಉರಿಗೆ ಕಾರಣವಿದೆ. ಆ ಫೋಟೋದಲ್ಲಿರುವ ಗಂಡ ಮೊದಲು ನನಗೆ ಬಂದ ಸಂಬಂಧ.

ನಮ್ಮದು ಉಡುಪಿಯ ಕಡೆ. ನನಗೆ ಗಂಡು ನೋಡುವಾಗ ಮುಂಬಯಿಯಿಂದ ಎರಡು ಸಂಬಂಧ ಒಟ್ಟಿಗೆ ಬಂದವು, ಎರಡೂ ಹೋಟೆಲಿನವು. ಒಬ್ಬರದು ಫೋರ್ಟಿನಲ್ಲಿ, ಬ್ಯಾಂಕು ಕಚೇರಿಗಳ ನಡುವೆ. ಇನ್ನೊಬ್ಬರದು ವಿಲೆ ಪಾರ್ಲೆಯಲ್ಲಿ, ಸ್ಟೇಷನ್ನಿನ ಹತ್ತಿರ. ನಮ್ಮವರು ಹುಡುಗನ ಮುಖ ಆಮೇಲೆ ನೋಡುತ್ತಾರೆ, ಮೊದಲು ನೋಡುವುದು ಹೋಟೆಲು ವಾರಕ್ಕೆ ಎಷ್ಟು ದಿನ ನಡೆಯುತ್ತದೆ ಎಂದು. ಫೋರ್ಟಿನಲ್ಲಿ ಭಾನುವಾರ ಕಚೇರಿಗಳಿಗೆ ರಜೆ, ಹಾಗಾಗಿ ಹೋಟೆಲಿಗೂ ರಜೆ. "ಭಾನುವಾರ ಬಾಗಿಲು ಹಾಕುವ ಹೋಟೆಲು ಎಂಥ ಹೋಟೆಲು ಮಾರಾಯ್ರೆ?" ಎಂದರು ಅಪ್ಪ. ಪಾರ್ಲೆಯಲ್ಲಿ ಭಾನುವಾರವೇ ಹಬ್ಬ, ಬಾಗಿಲಲ್ಲಿ ಸಾಲು ನಿಲ್ಲುತ್ತದೆ. ನಾನೂ ಹೂಂ ಎಂದೆ. ಬಿಟ್ಟ ಸಂಬಂಧ ಮರುವರ್ಷ ತಂಗಿಗೆ ಆಯಿತು. ಪಾಪ, ಅವಳಿಗೆ ಎರಡನೆಯದು ಸಿಕ್ಕಿತು ಎಂದು ನಾನು ಮರುಗಿದ್ದೂ ಉಂಟು!

ಮದುವೆಯಾದ ಮೇಲೆ ತಿಳಿಯಿತು, ಹಬ್ಬ ಯಾರಿಗೆಂದು. ವಾರವಿಡೀ ನನ್ನ ಗಂಡ ಹೋಟೆಲಿನಲ್ಲಿ, ಭಾನುವಾರವಂತೂ ಗಲ್ಲಾ ಬಿಟ್ಟು ಏಳುವ ಹಾಗೇ ಇಲ್ಲ. ಗಲ್ಲಾ ಎಂದರೆ ಬಾಗಿಲ ಪಕ್ಕದ ಆ ಕೌಂಟರು. ಸ್ವಂತದವರಲ್ಲದೆ ಇನ್ನೊಬ್ಬರನ್ನು ಅಲ್ಲಿ ಕೂರಿಸುವ ಕ್ರಮ ನಮ್ಮಲ್ಲಿಲ್ಲ. ಬೈಕುಲ್ಲಾ ಮಾರುಕಟ್ಟೆಯಿಂದ ತರಕಾರಿ ತರಲು ಒಂದು ವ್ಯಾನು ಇತ್ತು. ಬೈಕುಲ್ಲಾಕ್ಕಿಂತ ದೂರ ಅದೂ ಹೋದದ್ದಿಲ್ಲ, ನಾನೂ ಹೋದದ್ದಿಲ್ಲ. ಒಂದೇ ಒಂದು ಭಾನುವಾರ ಗಂಡನ ಜತೆ ಎಲ್ಲಿಗಾದರೂ ಹೋಗಬೇಕು, ಅಷ್ಟೇ ನನ್ನ ಆಸೆ. ಕೇಳಿದಾಗಲೆಲ್ಲ, "ರಶ್ ಮುಗೀಲಿ, ನೋಡುವ" ಎನ್ನುತ್ತಿದ್ದರು. ಪಾರ್ಲೆಯಲ್ಲಿ ರಶ್ ಮುಗಿಯುವುದುಂಟೇ?

ಈಚೆಗೆ ತಂಗಿಯ ತಿರುಗಾಟ ಇನ್ನೂ ಹೆಚ್ಚಾಯಿತು. ಭಾನುವಾರದ ಜತೆಗೆ ಶನಿವಾರವೂ ಸೇರಿತು. ಆಮೇಲೆ ಶುಕ್ರವಾರ ಮಧ್ಯಾಹ್ನವೇ ಫೋಟೋ ಬರತೊಡಗಿತು. ನನಗೆ ತಡೆಯಲಾಗಲಿಲ್ಲ. ಅವಳು ಒಂದು ದಿನ ಮನೆಗೆ ಬಂದಾಗ ಕೊಂಕು ನುಡಿದೇಬಿಟ್ಟೆ.

"ನಿಮ್ಮದು ಮಜಾ ಅಲ್ವಾ? ಹೋಟೆಲು ತನ್ನಷ್ಟಕ್ಕೆ ನಡೀತದೆ, ನೀವು ತಿರುಗ್ತಾ ಇರೋದು."

ಅವಳು ಚಹಾದ ಲೋಟ ಕೆಳಗಿಟ್ಟಳು. "ಎಲ್ಲಿ ನಡೀತದೆ ಅಕ್ಕ? ಆಫೀಸುಗಳೆಲ್ಲ ಬಾಂದ್ರಾ ಕಡೆ ಶಿಫ್ಟ್ ಆದ್ವು. ಉಳಿದವ್ರು ಮನೇಲೇ ಕೂತು ಕೆಲಸ ಮಾಡ್ತಾರೆ. ಶನಿವಾರ ಬೋಣಿ ಆಗೋದೂ ಕಷ್ಟ. ಇವರು ಖಾಲಿ ಟೇಬಲು ನೋಡ್ತಾ ಕೂತ್ರೆ ತಲೆ ಕೆಡಿಸ್ಕೊಳ್ತಾರೆ. ಅದಕ್ಕೇ ನಾನೇ ಗಾಡಿ ಹತ್ತಿಸಿ ಕರ್ಕೊಂಡು ಹೋಗ್ತೇನೆ. ಘಾಟ್ ನೋಡಿದ್ರೆ ಸ್ವಲ್ಪ ಮಾತಾಡ್ತಾರೆ."

ಒಡಹುಟ್ಟಿದವಳ ಕಷ್ಟ ಕೇಳಿ ಕರುಳು ಚುರುಕ್ ಎನ್ನಬೇಕಿತ್ತು. ಎಂದಿತು, ಇಲ್ಲವೆನ್ನುವುದಿಲ್ಲ. ಆದರೆ ಅದಕ್ಕೂ ಮೊದಲು ನನಗೆ ಹೊಳೆದದ್ದು ಬೇರೆ: ಇವಳ ಗಂಡನಿಗೆ ಬೇಸರವಾದರೆ ಇವಳ ಜತೆ ಹೋದರೆ ಸಾಕು, ಮಾತು ಬರುತ್ತದೆ! ಹೊಟ್ಟೆಕಿಚ್ಚು ಒಂದಿದ್ದದ್ದು ಎರಡಾಯಿತು.

ಅದೇ ಕಿಚ್ಚಿನಲ್ಲಿ ಒಂದು ಉಪಾಯವೂ ಬಂತು. ತಂಗಿಯ ಗಂಡ ಎಂದರೆ ಸ್ವಂತದವನೇ. ಅವನು ಭಾನುವಾರ ನಮ್ಮ ಗಲ್ಲಾದಲ್ಲಿ ಕೂರಲಿ. ಅವನಿಗೆ ಗಿರಾಕಿಗಳ ಮುಖ ಕಂಡಂತಾಯಿತು, ನಮಗೆ ರಜೆ ಸಿಕ್ಕಂತಾಯಿತು. ತಂಗಿ ಕೂಡಲೇ ಒಪ್ಪಿದಳು. ನನ್ನ ಗಂಡ ಮೂರು ವಾರ ಎಳೆದಾಡಿದರು. ಕೊನೆಗೆ ನಾನು ಊಟ ಮಾತ್ರ ಬಡಿಸಿ ಮಾತು ನಿಲ್ಲಿಸಿದ ಮೇಲೆ ಒಪ್ಪಿದರು.

ಆ ಭಾನುವಾರ ತರಕಾರಿ ವ್ಯಾನಿನಲ್ಲೇ ಲೋನಾವಳಕ್ಕೆ ಹೊರಟೆವು. ಸೀಟಿನ ಕೆಳಗೆ ಒಣಗಿದ ಕೊತ್ತಂಬರಿ, ಹಿಂದೆ ಈರುಳ್ಳಿ ಸಿಪ್ಪೆಯ ವಾಸನೆ. ನಾನು ಹೊಸ ಸೀರೆ ಉಟ್ಟಿದ್ದೆ. ಕಡಲ ಹಿನ್ನೀರಿನ ಸೇತುವೆ ದಾಟುವಾಗ ಮಳೆ ಹನಿಯತೊಡಗಿತು. ನಾನು ಕಿಟಕಿ ಇಳಿಸಿ ಕೈ ಹೊರಗೆ ಚಾಚಿದೆ. ಅಷ್ಟು ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಪನ್ವೇಲ್‌ನಲ್ಲಿ ನನ್ನ ಗಂಡ ಗಾಡಿ ನಿಲ್ಲಿಸಿ ಹೋಟೆಲಿಗೆ ಫೋನು ಮಾಡಿದರು. "ಎಂತ, ಸಾಂಬಾರು ಸರಿ ಉಂಟಾ?" ಆ ಕಡೆಯಿಂದ ತಂಗಿಯ ಗಂಡ, "ಭಾವ, ನೀವು ಆರಾಮಾಗಿ ಹೋಗಿ ಬನ್ನಿ. ಟೆನ್ಷನ್ ನಕೋ" ಎಂದ. ತಿಂಡಿಗೆ ಹತ್ತಿರದ ಹೋಟೆಲಿಗೆ ಹೋದೆವು. ಇವರು ಕೂತಲ್ಲಿಂದಲೇ ಚಟ್ನಿಯ ಬಣ್ಣ, ವೇಟರನ ಉಗುರು, ಟೇಬಲು ಒರೆಸುವ ಬಟ್ಟೆ ಎಲ್ಲ ನೋಡಿದರು. ನನ್ನ ಸೀರೆ ನೋಡಲಿಲ್ಲ.

ಖೋಪೋಲಿಯಲ್ಲಿ ಮತ್ತೆ ಫೋನು. ಈ ಸಲ ಅದರೊಳಗಿಂದ ನಗು ಕೇಳಿಸಿತು. ನಮ್ಮ ಖಾಯಂ ಗಿರಾಕಿಗಳು, ಭಾನುವಾರ ಬೆಳಗ್ಗೆ ಬಂದು ಕೂರುವ ಮುದುಕರ ಪಂಗಡ, ಏನೋ ತಮಾಷೆಗೆ ಗೊಳ್ಳೆಂದು ನಗುತ್ತಿದ್ದರು. "ಭಾವ, ಇವರೆಲ್ಲ ಹೇಳ್ತಿದ್ದಾರೆ, ವಾರ ವಾರ ನಾನೇ ಬರ್ಬೇಕಂತೆ!" ಎಂದ ಅವನು.

ನನ್ನ ಗಂಡನ ಮುಖ ಸಣ್ಣದಾಯಿತು. ಘಾಟ್ ಹತ್ತತೊಡಗಿದ್ದೆವು. ಎದುರಿಗೆ ಬೆಟ್ಟದಿಂದ ನೀರು ಧುಮುಕುತ್ತಿತ್ತು, ಮಂಜು ರಸ್ತೆಗೇ ಇಳಿದಿತ್ತು. "ಅಲ್ಲಿ ನೋಡಿ" ಎಂದೆ. ಅವರು ನೋಡಿದ್ದು ಗಾಡಿ ತಿರುಗಿಸಲು ಜಾಗ ಎಲ್ಲಿದೆ ಎಂದು.

"ನನ್ನ ಹೋಟೆಲಲ್ಲಿ ಅವನೆಂತ ನಗಿಸೋದು?" ಎಂದರು.

ಆ ಮುಖ ನನಗೆ ಚೆನ್ನಾಗಿ ಗೊತ್ತಿತ್ತು. ಪ್ರತಿ ಭಾನುವಾರ ಮೊಬೈಲು ಹಿಡಿದ ನನ್ನ ಮುಖವೂ ಹಾಗೆಯೇ ಇರುತ್ತಿತ್ತು. ನಾನು ಅತ್ತೆ, ಬೈದೆ, ಇಳಿದು ನಡೆದೇ ಹೋಗುತ್ತೇನೆ ಎಂದೂ ಹೇಳಿದೆ. ವ್ಯಾನು ಮುಂಬಯಿಯ ಕಡೆ ತಿರುಗಿತು.

ಪಾರ್ಲೆ ಮುಟ್ಟುವಾಗ ಮಧ್ಯಾಹ್ನ, ಬಾಗಿಲಲ್ಲಿ ಸಾಲು. ಒಳಗೆ ಹೆಜ್ಜೆಯಿಟ್ಟವಳು ಹಾಗೇ ನಿಂತೆ. ಗಲ್ಲಾದ ಹಿಂದೆ ತಂಗಿಯೂ ಇದ್ದಳು. ಇಬ್ಬರಿಗೆ ಸಾಲದ ಆ ಜಾಗದಲ್ಲಿ ಇನ್ನೊಂದು ಸ್ಟೂಲು ತುರುಕಿಕೊಂಡು ಗಂಡನ ಭುಜಕ್ಕೆ ಭುಜ ತಾಗಿಸಿ ಕೂತಿದ್ದಳು. ಅವನು ಚಿಲ್ಲರೆ ಕೊಡುತ್ತಿದ್ದ, ಇವಳು ಸೋಂಪಿನ ತಟ್ಟೆ ತುಂಬುತ್ತಿದ್ದಳು, ನಡುನಡುವೆ ಇಬ್ಬರೂ ಏನೋ ಹೇಳಿಕೊಂಡು ನಗುತ್ತಿದ್ದರು. ಘಾಟ್ ಬೇಕಿರಲಿಲ್ಲ ಅವರಿಗೆ, ಜಲಪಾತವೂ ಬೇಕಿರಲಿಲ್ಲ. ಇಷ್ಟು ವರ್ಷದಲ್ಲಿ ನನ್ನ ಗಂಡ ಒಮ್ಮೆಯೂ ನನ್ನನ್ನು ಆ ಗಲ್ಲಾದ ಹಿಂದೆ ಕರೆದಿರಲಿಲ್ಲ. ಕೇಳಬೇಕೆಂದು ನನಗೂ ಹೊಳೆದಿರಲಿಲ್ಲ. ಬೆಟ್ಟ ಬೆಟ್ಟ ಎಂದು ಹಂಬಲಿಸಿದ ನಾನೆಂಥ ಪೆದ್ದಿ!

ತಂಗಿ ನನ್ನನ್ನು ಕಂಡು ಗಾಬರಿಯಿಂದ ಎದ್ದಳು. "ಅರೆ, ಇಷ್ಟು ಬೇಗ? ಬಾ ಅಕ್ಕ, ಇಲ್ಲಿ ಕೂತ್ಕೋ" ಎಂದು ಸ್ಟೂಲು ತೋರಿಸಿದಳು.

ನಾನು ಒಂದು ಹೆಜ್ಜೆ ಮುಂದಿಟ್ಟೆ. ಅಷ್ಟರಲ್ಲಿ ನನ್ನ ಗಂಡ ತಂಗಿಯ ಗಂಡನನ್ನು ಎಬ್ಬಿಸಿ, ಸ್ಟೂಲನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ ತಮ್ಮ ಜಾಗ ಸೇರಿಯಾಗಿತ್ತು. "ಇಲ್ಲಿ ಬೇಡ, ಅಡ್ಡ ಆಗ್ತದೆ. ಮೂಲೆಯ ಫ್ಯಾಮಿಲಿ ಟೇಬಲು ಈಗಷ್ಟೇ ಖಾಲಿ ಆಯ್ತು, ಅಲ್ಲಿ ಕೂತ್ಕೋ" ಎಂದರು.

ಕೂತೆ. ಹೊಸದಾಗಿ ಸೇರಿದ ವೇಟರ್ ಒಬ್ಬ ನೀರಿಟ್ಟು, "ಮೇಡಂ, ಏನು ಕೊಡಲಿ?" ಎಂದು ಕೇಳಿದ. ಆಚೆ ಗಲ್ಲಾದಲ್ಲಿ ನನ್ನ ಗಂಡ ಯಾರೋ ಗಿರಾಕಿಯ ಮಾತಿಗೆ ಜೋರಾಗಿ ನಕ್ಕರು. ಬೆಳಗ್ಗಿನಿಂದ ಅವರು ನಕ್ಕದ್ದು ಅದೇ ಮೊದಲು.