ಡಿಕ್ಕಿ ತೆಗೀರಿ

ಅಂದೋಲಾ ದಾಟಿದ ಮೇಲೆ ತೊಗರಿ ಹೊಲದ ನಡುವೆ ಒಂದು ಹಾಳು ಗುಡಿ, ಅದರ ಮುಂದೆ ಸಾಲಾಗಿ ವೀರಗಲ್ಲುಗಳು. ಭಾನುವಾರದ ಬಿಸಿಲಿನಲ್ಲಿ ನಾನು, ಹೆಂಡತಿ, ಅವ್ವ ಎಲ್ಲ ನೋಡಿ ಮರಳುವಷ್ಟರಲ್ಲಿ ಹೊಲದ ಹೆಣ್ಣುಮಗಳೊಬ್ಬಳು ಕುಡುಗೋಲು ಹಿಡಿದು ನಮ್ಮ ಕಾರಿಗೆ ಅಡ್ಡ ನಿಂತಿದ್ದಳು.

"ಡಿಕ್ಕಿ ತೆಗೀರಿ."

"ಯಾಕ್ರಿ? ನಾವೇನು ಕಳ್ಳರೇನ್ರಿ?" ಎಂದೆ.

"ಹ್ವಾದ ವರ್ಷ ಬಂದವ್ರೂ ಹೆಂಡ್ರು ಮಕ್ಕಳ ಕರ್ಕೊಂಡೇ ಬಂದಿದ್ರು. ನಾನೇ ನೀರು ಕೊಟ್ಟೆ. ಅವ್ರು ಹ್ವಾದ ಮ್ಯಾಲ ನೋಡಿದ್ರ ಗುಡ್ಯಾಗಿನ ಗಣಪತಿ ಇರ್ಲಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಚಾಪೆ, ಬುತ್ತಿ, ನೀರಿನ ಕ್ಯಾನು, ಎಲ್ಲವನ್ನೂ ಎತ್ತಿ ನೆಲಕ್ಕಿಟ್ಟೆ. "ನೋಡ್ರಿ, ಕಣ್ತುಂಬ ನೋಡ್ರಿ!"

ಅವಳು ಡಿಕ್ಕಿಯತ್ತ ತಿರುಗಲೂ ಇಲ್ಲ. ಅವಳ ಕಣ್ಣು ಅವ್ವನ ಉಡಿಯ ಮೇಲಿತ್ತು.

ಅವ್ವ ಮೆಲ್ಲಗೆ ಉಡಿ ಬಿಚ್ಚಿದಳು. ಅಂಗೈಯಗಲದ ಕಲ್ಲಿನ ಚೂರು, ಅದರ ಮೇಲೆ ಕೆತ್ತಿದ ಕುದುರೆಯ ತಲೆ.

"ಒಡದು ಬಿದ್ದಿತ್ತವ್ವ. ಮನ್ಯಾಗ ದೇವರ ಜಗಲಿ ಮ್ಯಾಲಿಟ್ಟು ಪೂಜಿ ಮಾಡಬೇಕಂತ ತಗೊಂಡೆ."

ಆ ಹೆಣ್ಣುಮಗಳು ಬೈಯಲಿಲ್ಲ. ಕುಡುಗೋಲು ಕೆಳಗಿಟ್ಟು, ಎರಡೂ ಕೈಯಲ್ಲಿ ಕಲ್ಲು ಇಸಿದುಕೊಂಡಳು. "ಇಲ್ಲೂ ಪೂಜಿ ಮಾಡ್ತೇವ್ರಿ ಯವ್ವ," ಎಂದು ವೀರಗಲ್ಲುಗಳ ಕಡೆ ನಡೆದಳು.

ನಾನು ತಲೆಯೆತ್ತದೆ ಸಾಮಾನು ತುಂಬತೊಡಗಿದೆ.