ಗುಳಿಗೆಯನ್ನು ಹೊರಗೆ ಹಾಕುವ ಪಂಪು

"ಆ ಪಂಪಿಗೆ ಕರೆಂಟ್ ಎಲ್ಲಿಂದ ಬರ್ತೈತ್ರಿ?"

ಈಚೆಗೆ ಗದಗಿನ ಆಸ್ಪತ್ರೆಯೊಂದರಲ್ಲಿ ನಮ್ಮ ದೊಡ್ಡವ್ವ ಹೀಗೆ ಕೇಳಿದಾಗ ಡಾಕ್ಟರಮ್ಮ ಬರೆಯುವುದನ್ನೇ ನಿಲ್ಲಿಸಿದರು. ಹೊಲದ ಪಂಪ್‌ಸೆಟ್ಟಿನ ಮಾತಲ್ಲ. ದೊಡ್ಡವ್ವನ ಮೈಯೊಳಗೆ ಬೀಡುಬಿಟ್ಟಿದ್ದ ಬ್ಯಾಕ್ಟೀರಿಯಾದ ಮಾತು.

ದೊಡ್ಡವ್ವ ನಮ್ಮ ತಾಯಿಯ ಅಕ್ಕ. ರೋಣದಲ್ಲಿ ನಮ್ಮ ಪಕ್ಕದ ಮನೆಯೇ ಅವಳದು. ಅಡುಗೆಮನೆಯಲ್ಲಿ ಒಂದು ಸ್ಟೀಲ್ ಡಬ್ಬಿ, ಅದರ ತುಂಬ ಉಳಿದ ಆ್ಯಂಟಿಬಯಾಟಿಕ್ ಗುಳಿಗೆಗಳು. ಜ್ವರ ಇಳಿಯಿತೋ, ಗುಳಿಗೆ ಬಂದ್. ಮಿಕ್ಕಿದ್ದು ಡಬ್ಬಿಗೆ. ಓಣಿಯಲ್ಲಿ ಯಾರಿಗೆ ಮೈ ಬಿಸಿಯಾದರೂ ಹೆಪ್ಪಿಗೆ ಮಜ್ಜಿಗೆ ಕೇಳುವಂತೆ ಬಂದು ಕೇಳುತ್ತಾರೆ. (ನಮ್ಮ ಮನೆಯವರೂ ಖಾಯಂ ಗಿರಾಕಿಗಳೇ.) ದೊಡ್ಡವ್ವ ಯಾರಿಗೂ ಇಲ್ಲ ಎಂದವಳಲ್ಲ.

ಈ ಸಲ ಉರಿಮೂತ್ರ ಅವಳಿಗೇ ಬಂತು. ಡಬ್ಬಿಯ ಗುಳಿಗೆ ನುಂಗಿದಳು. ಕಡಿಮೆಯಾಗಲಿಲ್ಲ. ಊರಿನ ಡಾಕ್ಟರು ಬೇರೆ ಬರೆದುಕೊಟ್ಟರು. ಅದಕ್ಕೂ ಬಗ್ಗಲಿಲ್ಲ. ಚಳಿಜ್ವರದಿಂದ ಗಡಗಡ ನಡುಗತೊಡಗಿದಾಗ ಗದಗಿಗೆ ಕರೆದೊಯ್ದೆ. ಸೋಂಕು ಕಿಡ್ನಿಗೆ ಏರಿತ್ತು. ಮೂತ್ರದ ಕಲ್ಚರ್ ರಿಪೋರ್ಟ್ ನೋಡಿದ ಡಾಕ್ಟರಮ್ಮ, ಗುಳಿಗೆ ಯಾವುದೂ ನಾಟುವುದಿಲ್ಲ, ಇಂಜೆಕ್ಷನ್ನೇ ಗತಿ, ಅದೂ ನಾಟದಿದ್ದರೆ ಕಷ್ಟ ಎಂದರು. ನನಗೆ ನಿಜಕ್ಕೂ ಹೆದರಿಕೆಯಾಯಿತು.

"ಯವ್ವಾ, ಹಿಂಗಾಗಾಕ ಕಾರಣ ಭಾಳ ಅದಾವು," ಎಂದರು ಡಾಕ್ಟರಮ್ಮ. "ಒಂದು ಹೇಳ್ತೀನಿ ಕೇಳ್ರಿ. ಆ ಹುಳಕ್ಕ ತೆಳ್ಳನ ಪೊರಿ ಇರ್ತೈತಿ. ಪೊರಿಯೊಳಗ ಪ್ರೋಟೀನಿನ ಬಾಗಲಾ. ಕೆಲವು ತಿನ್ನೂದು ಒಳಗ ತರ್ತಾವು, ಕೆಲವು ಬ್ಯಾಡಾದ್ದು ಹೊರಗ ಹಾಕ್ತಾವು. ನಿಮ್ಮ ಗುಳಿಗಿ ಒಳಗ ಹೋದಕೂಡ್ಲೆ ಪಂಪ್ ಹಚ್ಚಿ ಹೊರಗ ಚೆಲ್ತಾವು."

ಕರೆಂಟಿನ ಪ್ರಶ್ನೆ ಬಂದದ್ದು ಆಗಲೇ. ಹೊಲದ ಬೋರಿಗೆ ಕರೆಂಟ್ ಕಾದು ಕಾದು ಸಾಕಾದವಳು ಇನ್ನೇನು ಕೇಳಿಯಾಳು?

ಡಾಕ್ಟರಮ್ಮ ನಕ್ಕರು, ಆದರೆ ಉತ್ತರವನ್ನೂ ಕೊಟ್ಟರು. ಪೊರೆಯ ಹೊರಗೆ ಹೈಡ್ರೋಜನ್ ಅಯಾನುಗಳು ಒತ್ತಿಕೊಂಡು ನಿಂತಿರುತ್ತವಂತೆ. ಅವು ಒಳಗೆ ನುಗ್ಗುವ ಬಲದಿಂದಲೇ ಪ್ರೋಟೀನು ಆಕಾರ ಬದಲಿಸುತ್ತದೆ. ಮೊದಲು ಒಳಬಾಯಿ ತೆರೆದು ಔಷಧಿ ಹಿಡಿಯುತ್ತದೆ. ಆಮೇಲೆ ಆ ಬಾಯಿ ಮುಚ್ಚಿ, ಹೊರಬಾಯಿ ತೆರೆದು ಔಷಧಿಯನ್ನು ಹೊರಗೆ ಚೆಲ್ಲುತ್ತದೆ. ಎರಡೂ ಒಟ್ಟಿಗೆ ತೆರೆಯುವುದಿಲ್ಲ. ಬಿಲ್ಲಿಲ್ಲ, ಲೋಡ್‌ಶೆಡ್ಡಿಂಗೂ ಇಲ್ಲ!

"ಹಂಗಾರ ಕರೆಂಟ್ ಕಟ್ ಮಾಡಾಕ ಬರಂಗಿಲ್ಲೇನ್ರಿ?"

"ಅದನ್ನ ಹುಡುಕಾಕತ್ತಾರ್ರಿ. ಅಲ್ಲೀತನಾ ಗುಳಿಗಿ ಅರ್ಧಕ್ಕ ಬಿಡಬ್ಯಾಡ್ರಿ. ಬಿಟ್ರ, ಪಂಪ್ ಜೋರ್ ಇದ್ದ ಹುಳಾನ ಉಳದು ಬೆಳಿತಾವು. ಬಾಜೂ ಹುಳಕ್ಕೂ ಆ ವಿದ್ಯಾ ಕೊಡ್ತಾವು."

ದೊಡ್ಡವ್ವನ ಮುಖ ಸಣ್ಣದಾಯಿತು. ಡಬ್ಬಿಯ ಗುಳಿಗೆ ಯಾವ ಯಾವ ಮನೆಗೆ ಹೋಗಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತು.

ಪುಣ್ಯಕ್ಕೆ ಇಂಜೆಕ್ಷನ್ ನಾಟಿತು. ಮನೆಗೆ ಬಂದ ಮರುದಿನವೇ ಎದುರುಮನೆಯ ಶಾಂತವ್ವ ಹಾಜರು.

"ಯಕ್ಕಾ, ಆರಾಮಾತೇನು? ಮೊಮ್ಮಗಳ ಮೈ ಕಾದೈತಿ, ಒಂದೆರಡು ಗುಳಿಗಿ ಕೊಡಬೇ."

"ಇಲ್ಲ ಶಾಂತವ್ವ. ಲಗೂನ ದವಾಖಾನಿಗೆ ತೋರಸು."

"ಡಬ್ಬಿ ಅಲ್ಲೇ ಕಾಣಾಕತ್ತೈತಲ್ಲ?"

"ಕೊಡಂಗಿಲ್ಲ."

ಶಾಂತವ್ವ ದುರುದುರು ನೋಡಿ ಹೊರಟುಹೋದಳು. ಮೊಮ್ಮಗಳನ್ನು ದವಾಖಾನೆಗೆ ಕರೆದೊಯ್ದಳು, ದೊಡ್ಡವ್ವನ ಜೊತೆ ಮಾತು ಬಿಟ್ಟಳು. ದೊಡ್ಡವ್ವ ಜಿಪುಣಿಯಾಗಿದ್ದಾಳೆ ಎಂದು ಓಣಿಯೆಲ್ಲ ಸುದ್ದಿ. ಪಾಪ, ಅವಳಿಗೆ ಊಟ ಸೇರುತ್ತಿಲ್ಲ.

ಆದರೆ ಇಷ್ಟು ವರ್ಷ ಹಂಚಿದ ಗುಳಿಗೆಗಳಲ್ಲಿ ಒಂದಾದರೂ ಈ 'ಕೊಡಂಗಿಲ್ಲ'ದಷ್ಟು ಉಪಕಾರ ಮಾಡಿತ್ತೇ?