ಒಂದೇ ಕೈಯ ಕ್ಯಾಮೆರಾ

ಆಪರೇಷನ್ ಆದ ಮೇಲೆ ನನ್ನ ಹೆಂಡತಿಯ ಎಡಗೈ ಊದಿಕೊಂಡೇ ಇರುತ್ತಿತ್ತು. ಎದೆಯ ಗಡ್ಡೆಯ ಜೊತೆ ಕಂಕುಳಿನ ಗಂಟುಗಳನ್ನೂ ತೆಗೆದಿದ್ದರು. ಆ ಕೈಯಲ್ಲಿ ಭಾರ ಎತ್ತಬಾರದೆಂದು ಡಾಕ್ಟರು ಹೇಳಿದ್ದರು. ಆದರೂ ಹಕ್ಕಿಗಳ ಫೋಟೊ ತೆಗೆಯುವುದನ್ನು ಅವಳು ಬಿಡಲಿಲ್ಲ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಆಂಟಾಪ್ ಹಿಲ್‌ನ ನಮ್ಮ ಕಾಲೊನಿಯಿಂದ ನೀರುಹಕ್ಕಿಗಳು ಬಂದಿಳಿಯುವ ಉಪ್ಪಿನ ಗದ್ದೆಗಳು ದೂರವಿರಲಿಲ್ಲ. ಭಾನುವಾರ ಬೆಳಗಾದರೆ ಅವಳ ಹಳೆಯ ಕ್ಯಾಮೆರಾವನ್ನೂ ಮೊಳದುದ್ದದ ಲೆನ್ಸನ್ನೂ ಹೊತ್ತು ನಾನು ಹಿಂದೆ ಹೋಗುತ್ತಿದ್ದೆ. ಕೆಸರಿನಲ್ಲಿ ಸ್ಟ್ಯಾಂಡ್ ನಿಲ್ಲುತ್ತಿರಲಿಲ್ಲ. ಹಾಗಾಗಿ ನಾನು ಮಂಡಿಯೂರಿ ಕೂರುತ್ತಿದ್ದೆ, ಅವಳು ಲೆನ್ಸನ್ನು ನನ್ನ ಹೆಗಲ ಮೇಲಿಡುತ್ತಿದ್ದಳು. ಕ್ಲಿಕ್ ಎನ್ನುವ ತನಕ ಉಸಿರಾಡುವಂತಿರಲಿಲ್ಲ.

ವಾರದ ಆರು ದಿನ ಲೋಕಲ್ ರೈಲಿನಲ್ಲಿ ನೇತಾಡಿ ಆಫೀಸಿಗೆ ಹೋಗಿಬರುತ್ತಿದ್ದ ನನಗೆ ಏಳನೆಯ ದಿನ ಹೀಗೆ ಕೂತು ಕೂತು ಸಾಕಾಗಿತ್ತು. ಬಾಯಿಬಿಟ್ಟು ಹೇಳಿರಲಿಲ್ಲ. ಅವಳ ಕಾಯಿಲೆಯ ಮುಂದೆ ನನ್ನ ಆಯಾಸ ಯಾವ ಲೆಕ್ಕ? ಒಂದು ಭಾನುವಾರ ಕೂತಲ್ಲೇ ತೂಕಡಿಸಿಬಿಟ್ಟೆ. ಲೆನ್ಸು ಜಾರಿತು, ಕೆಂಪು ಕಾಲಿನ ಮೆಟ್ಟುಗಾಲು ಹಕ್ಕಿಗಳೆಲ್ಲ ಎದ್ದು ಹೋದವು. ಅವಳು ಲೆನ್ಸಿಗೆ ಮುಚ್ಚಳ ಹಾಕಿದಳು. ಮುಂದಿನ ಶನಿವಾರ ಸಂಜೆ ನನ್ನನ್ನು ಫೋರ್ಟ್ ಏರಿಯಾದ ಒಂದು ಕ್ಯಾಮೆರಾ ಅಂಗಡಿಗೆ ಕರೆದುಕೊಂಡು ಹೋದಳು.

ಅಂಗಡಿಯ ಮುದುಕರೊಬ್ಬರು ಎರಡನ್ನು ತೆಗೆದು ಮುಂದಿಟ್ಟರು. ಒಂದು, ನಮ್ಮಲ್ಲಿದ್ದುದಕ್ಕಿಂತ ಒಳ್ಳೆಯ ಉದ್ದ ಲೆನ್ಸು. ಇನ್ನೊಂದು ಹೊಸ ಬಗೆಯ ಕ್ಯಾಮೆರಾ. ಲೆನ್ಸ್ ಬಿಚ್ಚಲು ಬರುವುದಿಲ್ಲ, ಜೂಮ್ ಒಳಗೇ ಇದೆ, ಬಲಗೈಯೊಂದರಲ್ಲೇ ಹಿಡಿಯಬಹುದು. ಇದು ಮದುವೆಮನೆಗೆ ಸರಿ, ಹಕ್ಕಿಗೆ ಸಾಲದು ಎಂದು ಅವರೇ ಹಿಂದಿಯಲ್ಲಿ ಎಚ್ಚರಿಸಿದರು.

ಅವಳು ಅದನ್ನೇ ಎತ್ತಿಕೊಂಡು ಬಾಗಿಲಿಗೆ ಹೋಗಿ, ಎದುರು ಬಿಲ್ಡಿಂಗ್ ಮೇಲೆ ಕೂತಿದ್ದ ಹದ್ದಿನ ಕಡೆ ಹಿಡಿದಳು. ಅಭ್ಯಾಸಬಲದಿಂದ ನಾನು ಹೆಗಲು ಕೊಡಲು ಹೋದೆ.

"ಬೇಡ ರೀ, ಬಿಡಿ," ಎಂದಳು.

"ಇದ್ರಲ್ಲಿ ಹಕ್ಕಿ ಇಷ್ಟೇ ಇಷ್ಟು ಕಾಣುತ್ತೆ ಕಣೇ. ಆ ಲೆನ್ಸೇ ತಗೊಳ್ಳೋಣ. ನಾನು ಹೊರ್ತೀನಲ್ಲ."

ಅವಳು ಕ್ಯಾಮೆರಾ ಇಳಿಸದೆಯೇ ಹೇಳಿದಳು: "ಹೊರ್ತೀರಿ. ನಿಮಗೆ ಸುಸ್ತಾಗಿದೆ ಅಂತ ನಂಗೊತ್ತು. ಪ್ರತಿ ಸಲ ನೀವು ಉಸಿರು ಕಟ್ಕೊಂಡು ಕೂರೋದು ನೋಡಿ ನಂಗೂ ಸಾಕಾಗಿದೆ."

ಅಂಗಡಿಯವರಿಗೆ ಕನ್ನಡ ಬಾರದಿದ್ದುದು ಒಳ್ಳೆಯದಾಯಿತು.

ಅದನ್ನೇ ಕೊಂಡೆವು. ಮರುದಿನ ಅವಳೊಬ್ಬಳೇ ಹೊರಟಳು. ಬಾಗಿಲು ಹಾಕಿದ ಸದ್ದು ಕೇಳಿ ನನ್ನ ಮನಸ್ಸು ಹಗುರಾಯಿತು. ಹಗುರಾಯಿತಲ್ಲ ಎಂದು ನಾಚಿಕೆಯೂ ಆಯಿತು. ಆದರೂ ಹತ್ತು ಗಂಟೆಯ ತನಕ ನಿದ್ದೆ ಮಾಡಿದೆ.

ಮಾಟುಂಗದ ಸ್ಟುಡಿಯೊದಿಂದ ಮೊದಲ ರೋಲಿನ ಪ್ರಿಂಟುಗಳು ಬಂದಾಗ ಮುದುಕರ ಮಾತು ನಿಜವೆನಿಸಿತು. ಬಹುಪಾಲು ಬರೀ ನೀರು, ಆಕಾಶ, ನಡುವೆ ಚುಕ್ಕೆಗಳು. ಫಿಲ್ಮ್ ತಾನಾಗಿ ಸುತ್ತಿಕೊಳ್ಳುವ ಸದ್ದಿಗೇ ಹಕ್ಕಿಗಳು ಹಾರಿಹೋಗುತ್ತಿದ್ದವಂತೆ. ಒಂದರಲ್ಲಿ ಮಾತ್ರ ಬೂದು ಬಣ್ಣದ ಕೊಕ್ಕರೆಯೊಂದು ಕುತ್ತಿಗೆ ಒಳಗೆಳೆದುಕೊಂಡು ನಿಂತಿತ್ತು, ಅದೂ ಅಷ್ಟೇನೂ ಸ್ಪಷ್ಟವಲ್ಲ.

ಅವಳು ಒಂದೊಂದನ್ನೇ ಹಿಡಿದು, ಇದು ಯಾವ ಹಕ್ಕಿ, ತಾನು ಎಲ್ಲಿ ನಿಂತಿದ್ದೆ, ಅದು ಎಷ್ಟು ಹೊತ್ತು ಕಾಯಿಸಿತು ಎಂದು ವಿವರಿಸುತ್ತ ಹೋದಳು. ಚುಕ್ಕೆಗಳನ್ನೂ ಬಿಡಲಿಲ್ಲ. ಮೊದಲೆಲ್ಲ ನಾನು ಜೊತೆಯಲ್ಲೇ ಇರುತ್ತಿದ್ದುದರಿಂದ ಮನೆಗೆ ಬಂದು ಹೇಳುವುದಕ್ಕೆ ಅವಳಿಗೆ ಏನೂ ಉಳಿಯುತ್ತಿರಲಿಲ್ಲ. ಆ ದಿನ ನಮ್ಮ ಮನೆಯಲ್ಲಿ ಅಡುಗೆ ತಡವಾಯಿತು.